ಜಮಖಾನೆಯ ಮೇಲೆ ಪಿಲಾಟಿಸ್

ರೋಣ, ನರಗುಂದ, ಗಜೇಂದ್ರಗಡದ ಬಸ್‌ಸ್ಟ್ಯಾಂಡುಗಳಲ್ಲಿ ಕಾಲೇಜಿಗೆ ಹೊರಟ ಹುಡುಗಿಯರ ಗುಂಪಿನಲ್ಲಿ ಒಬ್ಬಳಾದರೂ ಬ್ಯಾಗನ್ನು ಬೆನ್ನಿಗೆ ಹಾಕದೆ ಹೊಟ್ಟೆಗೆ ಅವುಚಿಕೊಂಡು ನಿಂತಿರುತ್ತಾಳೆ. ಕೇಳಿದರೆ ‘ತಲಿ ನೋಯಾಕತ್ತೈತಿ’ ಎನ್ನುತ್ತಾಳೆ. ಮೆಡಿಕಲ್ ಶಾಪಿನಲ್ಲೂ ಅದೇ ತಲೆ. ಅಂಗಡಿಯವನಿಗೆ ಎಲ್ಲ ಗೊತ್ತು. ಹೊಟ್ಟೆನೋವಿನ ಗುಳಿಗೆಯನ್ನೇ ಕೊಟ್ಟು, ಪ್ಯಾಡಿನ ಪೊಟ್ಟಣವನ್ನು ಹಳೇ ಪೇಪರಿನಲ್ಲಿ ಸುತ್ತಿ, ಕರಿ ಚೀಲಕ್ಕಿಳಿಸಿ, ಕಳ್ಳಮಾಲು ದಾಟಿಸುವವನ ಹಾಗೆ ಅತ್ತ ನೋಡುತ್ತ ಇತ್ತ ಕೊಡುತ್ತಾನೆ.

ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಅದರ ಹೊಡೆತಕ್ಕೆ ಗರ್ಭಕೋಶ ಹಿಂಡಿಕೊಳ್ಳುತ್ತದೆ, ಅದಕ್ಕೆ ಸಿಗುವ ರಕ್ತದ ಹರಿವು ಕುಗ್ಗುತ್ತದೆ, ನೋವು ಸೊಂಟಕ್ಕೂ ತೊಡೆಗೂ ಇಳಿಯುತ್ತದೆ. ಮನೆಯಲ್ಲಿ ಇದಕ್ಕೆ ಮೂರು ಮದ್ದು: ಅಜವಾನದ ಕಷಾಯ, ಬಿಸಿನೀರಿನ ಚೀಲ, ‘ಲಗ್ನ ಆಗಿ ಒಂದು ಕೂಸಾದ್ರ ತಾನ ಹೋಗತೈತಿ’ ಎಂಬ ಭರವಸೆ. ಪಿಯುಸಿ ಪರೀಕ್ಷೆ ನಾಳೆ ಬೆಳಿಗ್ಗೆ ಇದ್ದವಳಿಗೆ ಮೂರನೆಯ ಮದ್ದು ಅಷ್ಟು ಬೇಗ ಒದಗುವುದಿಲ್ಲ.

12ನೇ ಶತಮಾನದ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದಾಗ ಮುಟ್ಟಿನ ಸೂತಕವೂ ಅವುಗಳ ಜೊತೆಗೇ ಹೋಯಿತು. ಈ ಭಾಗದ ಎಷ್ಟೋ ಲಿಂಗಾಯತ ಮನೆಗಳಲ್ಲಿ ಹಾಗಾಗಿ ‘ಹೊರಗ ಕೂಡುವ’ ಪದ್ಧತಿ ಇಲ್ಲ. ದೊಡ್ಡ ಕ್ರಾಂತಿಯೇ. ಆದರೆ ಹೊರಗೆ ಕೂಡುವುದು ತಪ್ಪಿದವಳಿಗೆ ಒಲೆಯ ಮುಂದೆ ಕೂಡುವುದು ತಪ್ಪಲಿಲ್ಲ. ಸೂತಕ ಮಾಫ್, ರೊಟ್ಟಿ ಬಡಿಯುವುದು ಮಾಫಿಲ್ಲ! 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ನೌಕರಿಯಲ್ಲಿರುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಒಪ್ಪಿತು. ಒಲೆಯ ಮುಂದಿನ ದುಡಿಮೆಗೆ ಸಂಬಳವೇ ಇಲ್ಲದ ಮೇಲೆ ಸಂಬಳಸಹಿತ ರಜೆ ಎಲ್ಲಿಂದ ಬರಬೇಕು?

ಇಂಥ ಮನೆಯೊಳಗೆ ಮೊಬೈಲಿನ ಮೂಲಕ, ಮುಟ್ಟಿನ ನೋವಿನ ನಾಲ್ಕನೆಯ ಮದ್ದಾಗಿ, ಪಿಲಾಟಿಸ್ ಕಾಲಿಡುತ್ತದೆ.

ಜರ್ಮನಿಯ ಜೋಸೆಫ್ ಪಿಲಾಟಿಸ್ (1883–1967) ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿಬಿದ್ದು, ಬಂಧಿತರ ಶಿಬಿರದಲ್ಲಿ ಕೂತು ಹದಗೊಳಿಸಿದ ಕಸರತ್ತು ಇದು. ಸ್ಪ್ರಿಂಗು ಹಾಕಿದ ಯಂತ್ರಗಳೂ ಇದಕ್ಕುಂಟು, ಆದರೆ ನೆಲದ ಮೇಲೆ ಮಾಡುವ ಬಗೆಗೆ ಒಂದು ಹಾಸು ಸಾಕು. ನರಗುಂದದ ನೆರೆಯ ನವಲಗುಂದದ ಜಮಖಾನೆಗಂತೂ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ. ಅದರ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಬೆನ್ನುಮೂಳೆಯ ಒಂದೊಂದೇ ಕೀಲು ಏಳುವಂತೆ ಸೊಂಟ ಎತ್ತಬೇಕು, ಹಾಗೇ ಇಳಿಸಬೇಕು. ಆಮೇಲೆ ಅಂಗೈ–ಮೊಣಕಾಲು ಊರಿ, ಬೆನ್ನನ್ನು ಬೆಕ್ಕಿನಂತೆ ಉಬ್ಬಿಸಿ ತಗ್ಗಿಸಬೇಕು.

ವೈದ್ಯಕೀಯ ಪುರಾವೆಗಳನ್ನು ಅಳೆದು ತೂಗುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ಬಗೆಬಗೆಯ ವ್ಯಾಯಾಮಗಳ 12 ಪ್ರಯೋಗಗಳನ್ನು ಜಾಲಾಡಿತ್ತು. ವಾರಕ್ಕೆ ಮೂರು ಸಲ, ಪ್ರತಿ ಸಲ 45ರಿಂದ 60 ನಿಮಿಷ ಮಾಡಿದರೆ ಮುಟ್ಟಿನ ನೋವು ಸಾಕಷ್ಟು ತಗ್ಗೀತು ಎಂದು ಹೇಳಿ, ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಸೇರಿಸಿತು. ನೋವು ಬಂದ ದಿನ ಒಮ್ಮೆ ಹೊರಳಾಡಿದರೆ ನಡೆಯದು, ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಗುಳಿಗೆಗೂ ಬಗ್ಗದ, ತಿಂಗಳಿಂದ ತಿಂಗಳಿಗೆ ಏರುವ ನೋವಿಗೆ ಮಾತ್ರ ಜಮಖಾನೆ ಸುತ್ತಿಟ್ಟು ಡಾಕ್ಟರ ಬಳಿಗೇ ಹೋಗಬೇಕು.

ಮುಕ್ಕಾಲು ತಾಸು! ಜಮಖಾನೆ ಸಿಕ್ಕೀತು, ಅಷ್ಟು ಹೊತ್ತು ಕದ ಹಾಕಿಕೊಳ್ಳಲು ಕೋಣೆ ಎಲ್ಲಿ ಸಿಗಬೇಕು? ಕದ ಹಾಕಿದರೆ ಅವ್ವನ ಪ್ರಶ್ನೆ: ‘ಫೋನಿನ್ಯಾಗ ಯಾರ ಕೂಡ ಮಾತಾಡಾಕತ್ತೀ?’ ಕದ ತೆರೆದರೆ ಅಜ್ಜಿಯ ಬೊಬ್ಬೆ: ‘ಯವ್ವಾ, ಹುಡುಗಿ ಬಿದ್ದಾಳ, ನೀರು ತರ್ರೀ!’ ಪಿಲಾಟಿಸ್ ಎಂದು ವಿವರಿಸಹೋದರೆ ಗಾಬರಿ ಇನ್ನೂ ಏರುತ್ತದೆ. ‘ಯೋಗಾ ಮಾಡಾಕತ್ತೀನಿ’ ಎಂದರೆ ಮನೆಯೆಲ್ಲ ತಣ್ಣಗಾಗುತ್ತದೆ. ಸೊಂಟ ಎತ್ತುವುದು ಸೇತುಬಂಧಾಸನಕ್ಕೆ, ಬೆಕ್ಕಿನ ಭಂಗಿ ಮಾರ್ಜಾರಾಸನಕ್ಕೆ ಹತ್ತಿರದ್ದೇ ಆದ್ದರಿಂದ ಈ ಸುಳ್ಳಿನಲ್ಲಿ ಅರ್ಧ ನಿಜವೂ ಉಂಟು.

ಅಜ್ಜಿ ಸೆರಗು ಸಿಕ್ಕಿಸಿ ಹತ್ತಿರ ಬರುತ್ತಾಳೆ. ‘ಹೊಟ್ಟಿನೋವಿಗೆ ಸೊಂಟ ಎತ್ತೂದಾ? ಹಂಗಾರ ಸೊಂಟನೋವಿಗೆ ಏನು ಎತ್ತಬೇಕವಾ? ಸರಿ ಅತ್ತಾಗ, ನನಗೂ ಒಂದೀಟು ಜಾಗಾ ಬಿಡು.’