ಹಾಸ್ಯಗಾರ ಬಂದ, ಏಳಿ!

ಯಕ್ಷಗಾನದ ಆಟ ನೋಡುತ್ತ ನಿದ್ದೆ ಮಾಡುವುದಕ್ಕೂ ಒಂದು ಕ್ರಮ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಬಯಲಾಟಕ್ಕೆ ಕಂಬಳಿ ಹೊದ್ದು ಕೂತವರು ದೇವೇಂದ್ರನ ಒಡ್ಡೋಲಗಕ್ಕೆ ತೂಕಡಿಸಲು ಶುರುಮಾಡಿದರೆ ಯುದ್ಧದ ಚಂಡೆಗೂ ಅಲುಗುವುದಿಲ್ಲ. ಆದರೆ ಹಾಸ್ಯಗಾರ ಬಂದಾಗ ಪಕ್ಕದವರು ತಿವಿದು ಎಬ್ಬಿಸಲೇಬೇಕು. ಇಲ್ಲದಿದ್ದರೆ ಬೆಳಿಗ್ಗೆ ಜಗಳ. ದೂತನೋ, ಬಾಹುಕನೋ, ಹಲ್ಲಿಲ್ಲದ ಮುದುಕಿಯೋ, ವೇಷ ಯಾವುದಾದರೂ ಇರಲಿ, ತ್ರೇತಾಯುಗದ ನಡುಮಧ್ಯೆ ಅವನ ಬಾಯಿಗೆ ಅಡಿಕೆ ಧಾರಣೆ ಬಂದುಬಿಡುತ್ತದೆ. ಭಾಗವತರು ಒಳಗೊಳಗೇ ಹಲ್ಲು ಕಡಿಯುತ್ತಾರೆ. ಪ್ರಸಂಗ ಮುಗಿಯಬೇಕಲ್ಲ, ಸೂರ್ಯ ಕಾಯುತ್ತಾನೆಯೇ?

ಈ ಸಂಕಟ ಶೇಕ್ಸ್‌ಪಿಯರನಿಗೂ ಇತ್ತು. ಬರೆದುಕೊಟ್ಟದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡಕೂಡದೆಂದು ವಿದೂಷಕರಿಗೆ ಹ್ಯಾಮ್ಲೆಟ್‌ನಿಂದ ತಾಕೀತು ಮಾಡಿಸಿದ್ದಾನೆ. ಅವನ ತಂಡದ ಹಾಸ್ಯಗಾರ ವಿಲ್ ಕೆಂಪ್ ಅಷ್ಟರಲ್ಲಿ ತಂಡ ಬಿಟ್ಟಿದ್ದ. 1600ರಲ್ಲಿ ಆತ ಲಂಡನ್ನಿನಿಂದ ನಾರ್ವಿಚ್‌ವರೆಗೆ, ನೂರು ಮೈಲಿಗೂ ಮಿಕ್ಕಿದ ದಾರಿಯನ್ನು ಕುಣಿದುಕೊಂಡೇ ಹೋದ. ನಮ್ಮ ಮೇಳದವರೂ ಊರೂರು ತಿರುಗುತ್ತಾರೆ, ಆದರೆ ಲಾರಿಯಲ್ಲಿ. ಕುಣಿತವೆಲ್ಲ ಇಳಿದ ಮೇಲೆ.

ಇಂಗ್ಲಿಷರ ನಗೆ ಮುಂದೆ ಹೆಂಡದಂಗಡಿಗಳಲ್ಲಿ ಬೆಳೆದು ಮ್ಯೂಸಿಕ್ ಹಾಲ್ ಎನಿಸಿಕೊಂಡಿತು. ಹಾಡು, ಚೇಷ್ಟೆ, ಕಸರತ್ತು ಎಲ್ಲ ಒಂದೇ ರಾತ್ರಿಗೆ. ಅಲ್ಲಿ ಪಳಗಿದ ಚಾಪ್ಲಿನ್ 1910ರಲ್ಲಿ ಫ್ರೆಡ್ ಕಾರ್ನೊ ತಂಡದ ಜೊತೆ ಅಮೆರಿಕಕ್ಕೆ ಹೋದ, ಮುಂದಿನದು ಹೇಳಬೇಕಿಲ್ಲ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿದ ನಮ್ಮ ನಾಟಕಕಾರ ಟಿ.ಪಿ. ಕೈಲಾಸಂ ಕಲ್ಲಿಗಿಂತ ಹಾಡನ್ನೇ ಹೆಚ್ಚು ಹೊತ್ತು ತಂದರೆಂದು ನನ್ನ ಗುಮಾನಿ. 1912ರ ಮ್ಯೂಸಿಕ್ ಹಾಲ್ ಹಾಡಿನ ಟಿಪ್ಪರರಿ ಎಂಬ ಐರ್ಲೆಂಡಿನ ಊರು ಅವರ ಕೈಯಲ್ಲಿ ತಿಪ್ಪಾರಳ್ಳಿಯಾಯಿತು. ತಿಪಟೂರಿನ ಆಚೆಗೆಲ್ಲೋ ಇರಬೇಕು ಎನ್ನುವ ಹಾಗೆ ನಾವೂ ಹಾಡಿಕೊಂಡೆವು.

ಗುಬ್ಬಿ ವೀರಣ್ಣನವರು ಇನ್ನೂ ಜಾಣರು. ನಾಟಕ ಕಂಪನಿಗೇ ಒಡೆಯರಾದವರು ‘ಸದಾರಮೆ’ಯಲ್ಲಿ ರಾಜನ ಕಿರೀಟ ಬಿಟ್ಟು ಕಳ್ಳನ ಪಾರ್ಟು ಹಿಡಿದರು. ಜನ ರಾಜನನ್ನು ಮರೆತರು, ಕಳ್ಳನನ್ನು ಮರೆಯಲಿಲ್ಲ.

ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಜಾತ್ರೆ ಅಂದ ಮೇಲೆ ಕಂಪನಿ ನಾಟಕ. ಅಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಮಿರ್ಚಿ ಬಜ್ಜಿ ತಿಂದು, ಟೆಂಟಿಗೆ ನುಗ್ಗುವುದು. ‘ಥೂ, ಎಲ್ಲ ದ್ವಂದ್ವಾರ್ಥ ಮಾರಾಯ್ರೆ’ ಎಂದು ಮುಖ ಸಿಂಡರಿಸುವ ಹಿರಿಯರೇ ಮುಂದಿನ ಸಾಲಿನ ಕುರ್ಚಿ ಹಿಡಿದಿರುತ್ತಾರೆ. ದೂರಬೇಕಾದರೂ ಸರಿಯಾಗಿ ಕೇಳಿಸಬೇಕಲ್ಲ!

ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಎಂಬ ನಾಟಕ ಸಂಸ್ಥೆ ಇದೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲಂತೂ ಅಲ್ಲಿ ನಗುವುದಕ್ಕೂ ಸ್ವಲ್ಪ ಓದಿಕೊಂಡಿರಬೇಕು ಎಂದು ಹೊರಗಿನವರು ಹೆದರುತ್ತಾರೆ. ಸುಳ್ಳು. ಕಂಪನಿಯ ಅದೇ ಸದಾರಮೆಯನ್ನು ‘ಮಿಸ್ ಸದಾರಮೆ’ ಮಾಡಿ ತಿರುಗಾಟದಲ್ಲಿ ಊರೂರಿಗೆ ಕೊಂಡೊಯ್ದವರೂ ಅವರೇ. ಟೆಂಟಿನಲ್ಲಿ ನಕ್ಕವರಿಗೆ ಹೆಗ್ಗೋಡಿನಲ್ಲಿ ಹೊಸದಾಗಿ ನಗಲು ಕಲಿಯಬೇಕಾದ್ದೇನೂ ಇಲ್ಲ.

ಹಾಗಾಗಿ ಮುಂದಿನ ಜಾತ್ರೆಗೆ ಬಂದವರು ಟೆಂಟಿಗೂ ಹೋಗಿ, ಹೆಗ್ಗೋಡಿಗೂ ಹೋಗಿ. ಎರಡು ಕಡೆಯೂ ದುಡ್ಡು ಕೊಟ್ಟೇ ಟಿಕೆಟ್ ತೆಗೆದುಕೊಳ್ಳಿ, ಪಾಸು ಕೇಳಬೇಡಿ.