ರುಚಿ ನೋಡದ ಗೆಳತಿಯರು

(ಮೈಸೂರಿನ ಒಂದು ಮನೆ. ಮೊಬೈಲಿನ ಅಡುಗೆ ವಿಡಿಯೋಗಳಲ್ಲೇ ಒಗ್ಗರಣೆ ಹಾಕಿ ಪರಸ್ಪರ ಹೊಗಳಿಕೊಂಡ ಮೂವರು ಗೆಳತಿಯರ ಮೊದಲ ಭೇಟಿ. ತಂದ ಡಬ್ಬಿಗಳು ಮೇಜಿನ ಮೇಲಿವೆ.)

ಮೈಸೂರಿನವರು: ಬಳೆ ನೋಡಿ ಗುರುತು ಹಿಡಿದೆ ರೀ! ವಿಡಿಯೋದಲ್ಲಿ ಮುಖ ಯಾವತ್ತು ತೋರಿಸಿದ್ರಿ?

ಧಾರವಾಡದವರು: ನಿಮ್ಮ ಬಿಸಿಬೇಳೆಬಾತಿನ್ಯಾಗ ತುಪ್ಪ ಹರೀತಿತ್ತು. ಇಲ್ಲಿ ಸೌಟು ನೆಟ್ಟಗ ನಿಂತೈತಲ್ರೀ?

ಮೈಸೂರಿನವರು: ಫೋಟೋ ತೆಗೆಯೋಷ್ಟರಲ್ಲಿ ಆರಿಹೋಯ್ತು. ಮರಾಠಿ ಮೊಗ್ಗು, ಚಕ್ಕೆ ಎಲ್ಲಾ ನಾನೇ ಹುರಿದು ಪುಡಿ ಮಾಡಿದ್ದು.

ಧಾರವಾಡದವರು: ಮತ್ತ ಕಪಾಟಿನ ಮ್ಯಾಲೆ ಆ ಖಾಲಿ ಮಸಾಲಿ ಪಾಕೀಟು?

ಮೈಸೂರಿನವರು: ಅದು... ಬಣ್ಣ ಹೋಲಿಸೋಕೆ.

ಉಡುಪಿಯವರು: ನನ್ನ ಸಾಂಬಾರು ನೋಡಿ ಮಾರಾಯ್ರೆ. ಮಟ್ಟುಗುಳ್ಳ! 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದ ಬದನೆ.

ಧಾರವಾಡದವರು: ಟ್ಯಾಗ್ ಇರಲಿ, ಇಷ್ಟು ಬೆಲ್ಲದ ವಾಸನಿ ಯಾಕ್ರೀ? ಪಾಯಸ ಅಂತ ಬಟ್ಟಲಾಗ ಹಾಕ್ಕೊಂಡೆ.

ಉಡುಪಿಯವರು: ನಿಮ್ಮ ರೊಟ್ಟಿ ಮುರಿಲಿಕ್ಕೆ ಸುತ್ತಿಗೆ ಉಂಟಾ?

ಧಾರವಾಡದವರು: ಕಟಕ ರೊಟ್ಟಿರೀ ಅದು! ತಿಂಗಳಗಟ್ಟಲೆ ಇಟ್ಟರೂ ಕೆಡೂದಿಲ್ಲ.

ಮೈಸೂರಿನವರು: ಹಾಗಾದ್ರೆ ಯಾವಾಗ ಬಡಿದದ್ದು ಅಂತ ಕೇಳಲ್ಲ ಬಿಡಿ.

(ಮೂವರೂ ನಗುತ್ತಾರೆ; ಕ್ಯಾಮೆರಾ ಚಾಲೂ ಇದೆ. 'ಆಹಾ, ಸ್ವರ್ಗ!' ಎಂದು ಒಕ್ಕೊರಲಿನ ಉದ್ಗಾರ. ಬಾಯಿಗೆ ಇನ್ನೂ ತುತ್ತು ಹೋಗಿಲ್ಲ.)

ಮನೆ ಯಜಮಾನರು: ಲೇ, ಮೂರು ಗಂಟೆಯಾಯ್ತು. ಎಲೆಗೆ ಬರಲಾ?

ಮೈಸೂರಿನವರು: ಸ್ವಲ್ಪ ತಡೀರಿ, ಹಪ್ಪಳದ ಮೇಲೆ ಬೆಳಕು ಸರಿಯಾಗಿ ಬೀಳ್ತಿಲ್ಲ!