ಗ್ರೀಸ್ ಇದ್ದರೆ ಇಟಲಿಯದೇ ಇರಲಿ

ಸುರೇಬಾನದಲ್ಲಿ ಕೂತು ಲ್ಯಾಂಬೊರ್ಗಿನಿ ಮೆಕ್ಯಾನಿಕ್ ಆಗುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಲ್ಯಾಂಬೊರ್ಗಿನಿ ಇಲ್ಲ ಅನ್ನುವುದೊಂದನ್ನು ಬಿಟ್ಟರೆ. ಅದನ್ನು ಕೊರತೆ ಅಂತ ಎಣಿಸಬೇಕಾಗಿಲ್ಲ. ವಿಮಾನವನ್ನು ಕತ್ತೆತ್ತಿ ಮಾತ್ರ ನೋಡಿದ ತಾಲ್ಲೂಕುಗಳಲ್ಲೂ ಗಗನಸಖಿ ತರಬೇತಿಯ ಬೋರ್ಡು ನೇತಾಡುವ ಕಾಲ ಇದು. ಹಂಗಾಮಿನಲ್ಲಿ ಸಾಲುಗಟ್ಟಿ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಪಾನಾ ಹಿಡಿಯುವ ಹುಡುಗ ಸಿಗುವುದಿಲ್ಲ. ಒಂದೂ ಇಲ್ಲದ ಕಾರಿಗೆ ಓಣಿಗೊಬ್ಬ ಮಿಸ್ತ್ರಿ ತಯಾರಾಗಿ ನಿಂತಿದ್ದಾನೆ.

ರಾಮದುರ್ಗ ತಾಲ್ಲೂಕಿನ ಈ ಊರು ನೇಕಾರರದು, ಒಕ್ಕಲಿಗರದು. ಓಣಿ ಹೊಕ್ಕರೆ ಮಗ್ಗದ ಸದ್ದು, ಓಣಿ ದಾಟಿದರೆ ಟ್ರ್ಯಾಕ್ಟರಿನ ಸದ್ದು. ಈ ಎರಡರ ನಡುವೆ ಹುಟ್ಟಿ ಬೆಳೆದವನಿಗೆ ಯಂತ್ರ ಎಲ್ಲಿ ತಪ್ಪಿತು ಅನ್ನುವುದು ನಿದ್ದೆಗಣ್ಣಲ್ಲೂ ಗೊತ್ತಾಗುತ್ತದೆ. ಆದರೆ ಆ ಕಿವಿಯಲ್ಲಿ ಈಗ ಇಯರ್‌ಫೋನ್ ಇದೆ; ಅದರೊಳಗೆ ವಿ12 ಇಂಜಿನ್ ಗುಡುಗುತ್ತಿದೆ. ಪಿಯುಸಿ ಮುಗಿಸಿ ನಾಲ್ಕು ವರ್ಷದಿಂದ ಯೋಚನೆಯಲ್ಲೇ ಇರುವ ನಮ್ಮ ಓಣಿಯ ಹುಡುಗನನ್ನು ಕೇಳಿದೆ.

“ಮುಂದೇನೋ ತಮ್ಮಾ?”

“ಎಕ್ಸಾಟಿಕ್ ಕಾರ್ ಮೆಕ್ಯಾನಿಕ್ ಆಕ್ಕೇನ್ರಿ ಮಾಮಾ.”

“ನಿಮ್ಮ ಕಾಕಾನ ಗ್ಯಾರೇಜ್ ಐತೆಲ್ಲಾ?”

“ಅಲ್ಲಿ ಟ್ರ್ಯಾಕ್ಟರ್ ಬರ್ತಾವ್ರಿ.”

ಅಲ್ಲಿ ಹಾವು ಬರ್ತಾವ್ರಿ ಅನ್ನುವ ಧಾಟಿಯಲ್ಲಿ ಹೇಳಿದ. ತಪ್ಪು ಅವನದಲ್ಲ. ಕೈಗೆ ಮಸಿ ಹತ್ತುವುದಕ್ಕೆ ಈಗಿನ ಹುಡುಗರ ತಕರಾರಿಲ್ಲ, ಮಸಿಗೊಂದು ಮನೆತನ ಬೇಕು ಅನ್ನುತ್ತಾರೆ, ಅಷ್ಟೆ. ಎಸ್ಕಾರ್ಟ್ಸ್ ಟ್ರ್ಯಾಕ್ಟರಿನ ಗ್ರೀಸ್ ಹತ್ತಿದರೆ ಅಂಗಿ ಹೊಲಸಾಗುತ್ತದೆ. ಫೆರಾರಿಯದು ಹತ್ತಿದರೆ ಫೋಟೊ ತೆಗೆಸಿ ಸ್ಟೇಟಸ್‌ಗೆ ಹಾಕಬಹುದು.

ದಾರಿ ಇಲ್ಲವೆ? ಧಾರಾಳವಾಗಿ ಇದೆ. ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎರಡು ವರ್ಷ, ಮೆಕ್ಯಾನಿಕ್ ಡೀಸೆಲ್ ಒಂದು ವರ್ಷ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜತೆ ಸೇರಿ 150 ಐಟಿಐಗಳಿಗೆ 4,600 ಕೋಟಿ ರೂಪಾಯಿಗೂ ಮಿಕ್ಕಿ ಖರ್ಚಿನ ಹೊಸ ಯಂತ್ರಗಳನ್ನು ತಂದಿಟ್ಟಿತು. 2022ರ ಜೂನ್‌ನಲ್ಲಿ ಪ್ರಧಾನಿಯೇ ಬಂದು ಅವನ್ನು ಉದ್ಘಾಟಿಸಿ ಹೋದರು. ಬಿಡದಿಯಲ್ಲಿ ಟೊಯೊಟಾದವರು 2007ರಿಂದ ಹಳ್ಳಿಯ ಬಡ ಮಕ್ಕಳನ್ನು ಹತ್ತನೇ ಈಯತ್ತೆ ಆದಮೇಲೆ ಕರೆದುಕೊಂಡು, ಇಟ್ಟು, ಉಣ್ಣಿಸಿ, ಮೂರು ವರ್ಷ ಕೆಲಸ ಕಲಿಸುತ್ತಿದ್ದಾರೆ. ಇದನ್ನೆಲ್ಲ ಹುಡುಗನಿಗೆ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, “ಅದ್ರಾಗ ಇನ್ನೋವಾ ಕಲಿಸ್ತಾರ್ರಿ ಮಾಮಾ” ಎಂದ. ಇನ್ನೋವಾ ಅಂದರೆ ಶಾಸಕರ ಹಿಂಬಾಲಕರ ಗಾಡಿ. ಅವನ ಗುರಿ ಅದಕ್ಕಿಂತ ಮೇಲಿನದು.

ಸರಿ, ಮೇಲಕ್ಕೇ ಹೋಗೋಣ. ಬೆಂಗಳೂರಿನಲ್ಲಿ ಲ್ಯಾಂಬೊರ್ಗಿನಿ ಶೋರೂಮ್ ಇದೆ. ಅಂಥ ಕಾರಿನ ಬಾನೆಟ್ ಎತ್ತಿದವನಿಗೆ ಮೊದಲು ಬೇಕಾಗುವುದು ಪಾನಾ ಅಲ್ಲ, ಪಾಸ್‌ವರ್ಡ್. ಕಾರಿಗೆ ಏನು ಕಾಯಿಲೆ ಅಂತ ಕಾರಿನ ಕಂಪ್ಯೂಟರು ಕಂಪನಿಯ ಕಂಪ್ಯೂಟರಿಗೆ ಹೇಳುತ್ತದೆ, ಆ ಕಂಪ್ಯೂಟರು ಮಿಸ್ತ್ರಿಗೆ ಹೇಳುತ್ತದೆ, ಮಿಸ್ತ್ರಿ ಮಾಲೀಕನಿಗೆ ಬಿಲ್ ಹೇಳುತ್ತಾನೆ. ಪರವಾನಗಿಯಿಲ್ಲದೆ ಇಂಜಿನ್ ದೀಪ ಆರಿಸಲೂ ಬರುವುದಿಲ್ಲ. ಮೆಕ್‌ಲಾರೆನ್ ಎಫ್1 ಅಂತ ಒಂದು ಕಾರು, ತೊಂಬತ್ತರ ದಶಕದ್ದು. ಲೋಕಕ್ಕೆಲ್ಲ ಸೇರಿ ಮಾಡಿದ್ದು 106. ಆ ಕಾರನ್ನು ಸರ್ವಿಸ್ ಮಾಡಲು ಕಾಂಪ್ಯಾಕ್ ಕಂಪನಿಯ ಅದೇ ಕಾಲದ ಲ್ಯಾಪ್‌ಟಾಪೇ ಆಗಬೇಕಿತ್ತು. ಬೇರೆ ಯಾವುದರ ಮಾತನ್ನೂ ಅದು ಕೇಳುತ್ತಿರಲಿಲ್ಲ. ಹೀಗಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ಮೆಕ್‌ಲಾರೆನ್‌ನವರು ಗುಜರಿಯವ ತೂಕಕ್ಕೂ ಹಾಕಿಕೊಳ್ಳದ ಆ ಲ್ಯಾಪ್‌ಟಾಪುಗಳನ್ನು ಹುಡುಕಿ ತಂದು ಜೋಪಾನ ಮಾಡುತ್ತಿದ್ದರು. ಅಂದರೆ ಜಗತ್ತಿನ ಅತಿ ದುಬಾರಿ ಕಾರಿನ ಮಿಸ್ತ್ರಿಯೂ ಹಳೇ ಸಾಮಾನಿಗಾಗಿ ಅಲೆಯುವವನೇ. ಹುಬ್ಬಳ್ಳಿಯ ಗುಜರಿಗೆ ಹೋದರೆ ಅಲೆದಾಟ ಅನ್ನುತ್ತೇವೆ, ಇಂಗ್ಲೆಂಡಿನಲ್ಲಿ ಮಾಡಿದರೆ ಪರಂಪರೆಯ ರಕ್ಷಣೆ.

ಇರಲಿ, ಕಾರು ಸುರೇಬಾನಕ್ಕೇ ಬರಲಿ ಅಂತಿಟ್ಟುಕೊಳ್ಳಿ. ಬರುವುದು ಹೇಗೆ? ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ರೋಡ್ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಕಡೆಯ ಹಂಪ್‌ಗಳನ್ನು ಹಾಕಿಸುವವರು ಆ ಕಾಂಗ್ರೆಸ್ಸಿನವರಲ್ಲ. ಯಾರ ಮನೆ ಮುಂದೆ ಕೋಳಿ ಸತ್ತಿತೋ ಅವರು ಉಳಿದ ಸಿಮೆಂಟು ಸುರಿದು ಎಬ್ಬಿಸಿದ ದಿಬ್ಬ ಅದು. ನೆಲಕ್ಕೆ ಗೇಣುದ್ದ ಅಂತರವೂ ಇಲ್ಲದ ಕಾರು ಅದರ ಮೇಲೆ ಹೊಟ್ಟೆ ಊರಿ ಕೂತರೆ ಎತ್ತಲು ಮತ್ತೆ ಟ್ರ್ಯಾಕ್ಟರೇ ಬರಬೇಕು. ಮಳೆಗಾಲವಾದರೆ ಎರಿ ಮಣ್ಣು ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಇಂಥ ಕಾರುಗಳ ಮಾಲೀಕರು ರಸ್ತೆಯನ್ನು ನಂಬಿ ಕಾರು ಕೊಂಡವರೂ ಅಲ್ಲ ಬಿಡಿ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಶೇ 18 ಆಜೀವ ತೆರಿಗೆ. ಹಾಗಾಗಿ ಕಾರು ಬೆಂಗಳೂರಿನಲ್ಲಿ, ನಂಬರ್ ಪ್ಲೇಟು ಪಾಂಡಿಚೇರಿಯದೋ ಮಹಾರಾಷ್ಟ್ರದ್ದೋ. 2025ರ ಜುಲೈನಲ್ಲಿ ಬೆಂಗಳೂರಿನ ಆರ್‌ಟಿಒದವರು ಹೊರರಾಜ್ಯದ ನಂಬರಿನ ಒಂದು ಫೆರಾರಿಯನ್ನು ಹಿಡಿದು 1.4 ಕೋಟಿ ರೂಪಾಯಿಗೂ ಹೆಚ್ಚು ತೆರಿಗೆ ವಸೂಲಿ ಮಾಡಿದರು. ಆ ವರ್ಷದ ಫೆಬ್ರುವರಿಯಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಸಿಕ್ಕ ಐಷಾರಾಮಿ ಕಾರುಗಳು 30. ಹೊರಗೆ ತಂದರೆ ಆರ್‌ಟಿಒ, ತರದಿದ್ದರೆ ಬ್ಯಾಟರಿ ಸಾಯುತ್ತದೆ, ಒಂದೇ ಕಡೆ ನಿಂತು ಟೈರು ಚಪ್ಪಟೆಯಾಗುತ್ತವೆ, ರಬ್ಬರ್ ಸೀಲು ಒಣಗಿ ಎಣ್ಣೆ ಸೋರುತ್ತದೆ. ಓಡಿ ಕೆಡುವ ಗಾಡಿ ನಮಗೆ ಗೊತ್ತು. ಇವು ನಿಂತು ಕೆಡುವ ಗಾಡಿಗಳು. ನಮ್ಮ ಹುಡುಗ ಕನಸು ಕಾಣುತ್ತಿರುವ ಕಸುಬಿನ ತಿರುಳು ಇದು: ಯಾರೂ ಓಡಿಸದ ಕಾರಿಗೆ ಚಾರ್ಜರ್ ಹಚ್ಚಿ, ಮೆತ್ತನ್ನ ಅರಿವೆಯಿಂದ ಒರೆಸಿ, ಮೇಲೆ ಹೊದಿಕೆ ಹೊದಿಸಿ ಬರುವುದು. ತೊಟ್ಟಿಲ ಕೆಲಸ.

ಈ ಲ್ಯಾಂಬೊರ್ಗಿನಿ ಅನ್ನುವವನಾದರೂ ಯಾರು? ಹುಡುಗನಿಗೆ ಅದನ್ನು ಹೇಳಲೇಬೇಕಾಯಿತು, ಹೇಳಿದ ಮೇಲೆ ಅವನ ಮುಖ ನೋಡಬಾರದಿತ್ತು. ಫೆರುಚ್ಚೊ ಲ್ಯಾಂಬೊರ್ಗಿನಿ ಹುಟ್ಟಿದ್ದು 1916ರಲ್ಲಿ, ಒಕ್ಕಲುತನದ ಮನೆಯಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಇಟಲಿಯ ವಾಯುಪಡೆಗಾಗಿ ರೋಡ್ಸ್ ದ್ವೀಪದಲ್ಲಿ ಗಾಡಿ ರಿಪೇರಿ ಮಾಡಿಕೊಂಡಿದ್ದ. ಆ ದ್ವೀಪ ಈಗ ಗ್ರೀಸ್ ದೇಶದ್ದು. ಯುದ್ಧ ಮುಗಿದು ಊರಿಗೆ ಬಂದವನು ಮಿಲಿಟರಿ ಬಿಟ್ಟುಹೋದ ಗುಜರಿ ಸಾಮಾನು ಜೋಡಿಸಿ ಟ್ರ್ಯಾಕ್ಟರ್ ಮಾಡಿದ. 1948ರಲ್ಲಿ ಟ್ರ್ಯಾಕ್ಟರ್ ಕಂಪನಿಯನ್ನೇ ತೆಗೆದ. ಹೌದು, ಟ್ರ್ಯಾಕ್ಟರ್. ಅದರಲ್ಲೇ ರೊಕ್ಕ ಆಗಿ ಫೆರಾರಿ ಕೊಂಡ. ಅದರ ಕ್ಲಚ್ ಪದೇ ಪದೇ ಕೈಕೊಟ್ಟಿತು. ಬಿಚ್ಚಿ ನೋಡಿದರೆ ತನ್ನ ಟ್ರ್ಯಾಕ್ಟರಿಗೆ ಹಾಕುವಂಥದೇ ಕ್ಲಚ್ಚಂತೆ. ಎಂಝೊ ಫೆರಾರಿಗೆ ಹೇಳಲು ಹೋದರೆ, ಟ್ರ್ಯಾಕ್ಟರ್ ಹೊಡೆಯುವವನಿಗೆ ಕಾರಿನ ಸುದ್ದಿ ಯಾಕೆ ಅಂದನಂತೆ. ಕತೆಗೆ ಮಸಾಲೆ ಸ್ವಲ್ಪ ಹೆಚ್ಚೇ ಬಿದ್ದಿರಬಹುದು, ಆದರೆ 1963ರಲ್ಲಿ ಸಾಂತ್ ಆಗಾತಾದಲ್ಲಿ ಕಾರಿನ ಕಾರ್ಖಾನೆ ಎದ್ದದ್ದು ನಿಜ. ಮುಂದಿನ ಹತ್ತು-ಹನ್ನೊಂದು ವರ್ಷದಲ್ಲಿ ಕೈಯಲ್ಲಿದ್ದ ಟ್ರ್ಯಾಕ್ಟರ್ ಕಂಪನಿಯನ್ನು ಮಾರಿ, ಕಾರಿನ ಪಾಲನ್ನೂ ಬಿಟ್ಟುಕೊಟ್ಟು, ಕೊನೆಗಾಲಕ್ಕೆ ದ್ರಾಕ್ಷಿ ತೋಟ ಮಾಡಿಕೊಂಡಿದ್ದ. ಅವನ ಹೆಸರಿನ ಟ್ರ್ಯಾಕ್ಟರು ಇವತ್ತಿಗೂ ಬೇರೆ ಕಂಪನಿಯಿಂದ ಬರುತ್ತಿವೆ.

ಇದೇ ಮನುಷ್ಯ ಸುರೇಬಾನದಲ್ಲಿ ಹುಟ್ಟಿದ್ದರೆ? ಗುಜರಿ ಸಾಮಾನು ತಂದ ದಿನವೇ ಮನೆಯವರು “ಸಾಲಿ ಕಲಿ ಅಂದ್ರ ತಗಡ ಬಡೀತಾನ” ಅನ್ನುತ್ತಿದ್ದರು. ಮೊದಲ ಟ್ರ್ಯಾಕ್ಟರಿಗೆ ಮುದ್ರಾ ಸಾಲ ಕೇಳಲು ಹೋದರೆ ಬ್ಯಾಂಕಿನವರು ಜಾಮೀನುದಾರರನ್ನು ಕರೆತಾ ಅನ್ನುತ್ತಿದ್ದರು. ಫೆರಾರಿಯಂಥವನ ಹತ್ತಿರ ಹೋಗಿ ಜಗಳ ಮಾಡುವ ಮಾತಂತೂ ದೂರ. ಗೇಟಿನ ವಾಚ್‌ಮನ್ನೇ ಮುಗಿಸಿ ಕಳಿಸುತ್ತಿದ್ದ.

ಹುಡುಗನ ಕಾಕಾನ ಗ್ಯಾರೇಜಿಗೆ ಬರೋಣ. ಬೋರ್ಡಿಲ್ಲ, ಬೇವಿನ ಮರವೇ ಬೋರ್ಡು. ಬಂದು ನಿಂತದ್ದು ಎಚ್‌ಎಂಟಿ ಟ್ರ್ಯಾಕ್ಟರ್. ವಾಚಿನ ಎಚ್‌ಎಂಟಿಯೇ, ಹರಿಯಾಣದ ಪಿಂಜೋರ್‌ನಲ್ಲಿ 1971ರಿಂದ ಜೆಟರ್‌ನವರ ನೆರವಿನಿಂದ ಟ್ರ್ಯಾಕ್ಟರ್ ಮಾಡುತ್ತಿತ್ತು. 2016ರಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಸೈ ಅಂದಿತು. ಮೆಕ್‌ಲಾರೆನ್‌ನವರು ಸತ್ತ ಲ್ಯಾಪ್‌ಟಾಪನ್ನೂ ಬದುಕಿಸಿ ಇಟ್ಟುಕೊಂಡರು; ನಾವು ಕಾರ್ಖಾನೆಯನ್ನೇ ಮಣ್ಣು ಮಾಡಿದೆವು. ಟ್ರ್ಯಾಕ್ಟರಿಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ, ಇನ್ನೂ ಉಳುತ್ತಿದೆ. ಪಾರ್ಟ್ ಕೇಳಿದರೆ ಅಂಗಡಿಯವ “ಇನ್ನೂ ಅದನ್ನ ಇಟ್ಟೀರೇನು?” ಅನ್ನುತ್ತಾನೆ.

ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ ಹೆಡ್ಡಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಾನೆ. “ಎರಡನೇದ್ದು ಟ್ಯಾಪೆಟ್ ಸಡ್ಲ.” ಡಿಪ್‌ಸ್ಟಿಕ್ ಎಳೆದು ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸುತ್ತಾನೆ. “ಡೀಸೆಲ್ ಇಳದೈತಿ, ಪಂಪ್ ಬಿಚ್ಚೂಣು.” (ಶಬರಿ ಹಣ್ಣು ಕಚ್ಚಿ ನೋಡಿ ರಾಮನಿಗೆ ಕೊಟ್ಟಳೆನ್ನುವ ಶಬರಿಕೊಳ್ಳ ಇಲ್ಲಿಂದ ಹತ್ತಿರವೇ. ಕಚ್ಚಿ ನೋಡದೆ ಮಾಲು ಕೊಡಬಾರದು ಅನ್ನುವ ನಿಯಮ ಈ ಸೀಮೆಯದೇ.) ಗ್ಯಾಸ್ಕೆಟ್ ಸಿಗುವುದಿಲ್ಲ ಅಂದರೆ ಗ್ಯಾಸ್ಕೆಟ್ ಕಾಗದದ ಹಾಳೆಯನ್ನು ಹೌಸಿಂಗ್ ಮೇಲೆ ಹರವಿ, ಸಣ್ಣ ಸುತ್ತಿಗೆಯ ದುಂಡು ತುದಿಯಿಂದ ಅಂಚಿನ ಗುಂಟ ಟಕಟಕ ಬಡಿಯುತ್ತ ಹೋಗುತ್ತಾನೆ. ಕಬ್ಬಿಣದ ಅಂಚೇ ಕತ್ತರಿಯಾಗಿ, ಬೋಲ್ಟಿನ ತೂತಿನ ಸಮೇತ ಗ್ಯಾಸ್ಕೆಟ್ ಕತ್ತರಿಸಿ ಬರುತ್ತದೆ. ಬಿಡಿಭಾಗ ಸಿಗದ, ಕಂಪನಿ ಇಲ್ಲದ, ಮಾಲೀಕ ಜೀವ ಹೋದರೂ ಬಿಡದ ಗಾಡಿಯನ್ನು ಹೀಗೆ ಕೈಯಿಂದ ಎಬ್ಬಿಸಿ ನಿಲ್ಲಿಸುವವರಿಗೆ ಇಟಲಿ, ಇಂಗ್ಲೆಂಡುಗಳಲ್ಲಿ ಗಂಟೆಯ ಲೆಕ್ಕದಲ್ಲಿ ರೊಕ್ಕ ಎಣಿಸುತ್ತಾರೆ. ಇಲ್ಲಿ “ಕಬ್ಬಿನ ಬಿಲ್ ಆಗ್ಲಿ, ಕೊಡ್ತೇನಿ” ಅನ್ನುತ್ತಾರೆ. ಬಿಲ್ ಯಾವಾಗ ಆಗುತ್ತದೆ ಅನ್ನುವುದನ್ನು ಸಕ್ಕರೆ ಕಾರ್ಖಾನೆಯವರನ್ನು ಕೇಳಿ.

ಸರ್ಕಾರ ಇಂಥವರನ್ನು ಮರೆತಿಲ್ಲ, ಪಾಪ. ಕೌಶಲ ವಿಕಾಸ ಯೋಜನೆಯಲ್ಲಿ ಬಲ್ಲವರಿಗೆ ‘ನೀನು ಬಲ್ಲವನು’ ಅಂತ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೇ ಇದೆ. ಅದನ್ನು ಪಡೆಯಲು ಮಿಸ್ತ್ರಿ ಒಂದಷ್ಟು ಹೊತ್ತು ಬೆಂಚಿನ ಮೇಲೆ ಕೂತು, ಪಾನಾ ಅಂದರೇನು ಅನ್ನುವುದನ್ನು ತನ್ನ ಮಗನ ವಯಸ್ಸಿನವನಿಂದ ಕೇಳಿ ತಿಳಿದುಕೊಳ್ಳಬೇಕು. ‘ರಿಪೇರಿಯ ಹಕ್ಕು’ ಅಂತ ಕೇಂದ್ರದ್ದೊಂದು ಪೋರ್ಟಲ್ ಕೂಡ 2022ರ ಡಿಸೆಂಬರ್‌ನಲ್ಲಿ ಬಂತು. ಕೃಷಿ ಯಂತ್ರಗಳೂ ಅದರಲ್ಲಿ ಸೇರಿವೆ. ಹೇಳಿದರೆ ಮಿಸ್ತ್ರಿ ನಕ್ಕ. ಅವನಿಗೆ ಇಷ್ಟು ವರ್ಷ ರಿಪೇರಿ ಹಕ್ಕಾಗಿ ಕಂಡಿರಲಿಲ್ಲ, ಕರ್ಮವಾಗಿ ಕಂಡಿತ್ತು.

ಹುಡುಗನ ಅವಸರಕ್ಕೆ ಇನ್ನೊಂದು ಕಾರಣವಿದೆ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಟ್ರ್ಯಾಕ್ಟರ್ ಮಿಸ್ತ್ರಿಗೆ ಹೆಣ್ಣು ಕೊಡುವುದಿಲ್ಲ. ನೇಕಾರನಿಗೆ ಕೊಡುವುದಿಲ್ಲ, ಒಕ್ಕಲಿಗನಿಗೂ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಹದಿನೆಂಟು ಸಾವಿರಕ್ಕೆ ಲಿಫ್ಟಿನ ಬಾಗಿಲಲ್ಲಿ ನಿಲ್ಲುವವನಿಗೆ ‘ಕಂಪನ್ಯಾಗ ಅದಾನ’ ಅಂತ ಕೊಡುತ್ತಾರೆ. ಕನಸು ಗಟ್ಟಿಯಾಗುವವರೆಗೆ ಹುಡುಗ ಕಾಕಾನ ಕೈಕೆಳಗೇ ಬೋಲ್ಟು ಬಿಚ್ಚಿಕೊಂಡಿದ್ದ. ಈ ಸತ್ಯವನ್ನು ಬಯೋಡೇಟಾದಲ್ಲಿ ಬರೆಯುವುದು ಹೇಗೆ ಅಂತ ಮನೆಯವರು ನನ್ನ ಹತ್ತಿರ ಬಂದರು. ಬರೆದುಕೊಟ್ಟೆ: ‘ಲ್ಯಾಂಬೊರ್ಗಿನಿ ಸಂಸ್ಥಾಪಕರು ಮೊದಲು ತಯಾರಿಸುತ್ತಿದ್ದ ಬಗೆಯ ವಾಹನಗಳಲ್ಲಿ ವಿಶೇಷ ಪರಿಣತಿ.’ ಸುಳ್ಳು ಒಂದಕ್ಷರ ಇಲ್ಲ.

ಸವದತ್ತಿ ಕಡೆಯಿಂದ ಬೀಗರಾಗುವವರು ಬಂದರು. ಚುಮ್ಮರಿ ಸೂಸಲಾ ತಿಂದರು, ಚಹಾ ಕುಡಿದರು, ಬಯೋಡೇಟಾ ಕೈಯಿಂದ ಕೈಗೆ ಹೋಯಿತು. ಹೆಣ್ಣಿನ ತಂದೆ ಅದನ್ನು ಎರಡು ಸಲ ಓದಿ, ಮಡಿಚಿ ಕಿಸೆಯಲ್ಲಿಟ್ಟುಕೊಂಡು, ಮಿಸ್ತ್ರಿಯನ್ನು ಬೇವಿನ ಮರದ ಕಡೆ ಕರೆದುಕೊಂಡು ಹೋದರು.

“ಹುಡುಗನ ಮಾತ ಆಮ್ಯಾಲೆ ನೋಡೂಣ್ರಿ. ನಮ್ಮ ಎಚ್‌ಎಂಟಿದು ಮೂರನೇ ಗೇರ್ ತಾನ ಬಿಡತೈತಿ. ಯಾವಾಗ ತರ್ಲಿ?”